ಬಿ.ಎಚ್. ರಸ್ತೆ ಮುಟ್ಟುವ ಕಡಲು



ತುಮಕೂರಿನಲ್ಲಿ ನಾವು ದಿನವೂ ಓಡಾಡುವ ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿದರೆ ಶರಾವತಿ ಸಮುದ್ರ ಸೇರುವ ಊರು. ಮಳೆಗಾಲ ಕಳೆದ ಮೇಲೆ ಹೊರಡಿ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ಸಾಗರದಲ್ಲಿ ರಾತ್ರಿ ತಂಗಿ, ಘಟ್ಟವನ್ನು ಹಗಲಿನಲ್ಲೇ ಇಳಿಯಿರಿ.

ಹೊನ್ನಾವರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ತಿರುಗಿದರೆ ಮುರುಡೇಶ್ವರ, ಭಟ್ಕಳ, ಬೈಂದೂರು. ಆಮೇಲೆ ಮರವಂತೆ! ಬಲಕ್ಕೆ ಅರಬ್ಬೀ ಸಮುದ್ರ, ಎಡಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ ಕಾಣುವ ಕೆರೆಯೇರಿಗಳ ಸೀಮೆಯವರು ನಾವು. ಎರಡೂ ಕಡೆ ನೀರಿರುವ ಈ ಜಾಗವನ್ನು ವೇಗವಾಗಿ ದಾಟಿಬಿಡುವುದು ಅನ್ಯಾಯವೆಂದೇ ನನ್ನ ಭಾವನೆ. ಗಾಡಿಯನ್ನು ರಸ್ತೆಯಿಂದ ಪಕ್ಕಕ್ಕೆ ನಿಲ್ಲಿಸಿ, ಸಂಜೆಯವರೆಗೆ ಕೂತುಬಿಡಿ. ಅಲೆ ಜೋರಾಗಿರುತ್ತದೆ, ನೀರಿಗಿಳಿಯಬೇಡಿ.

ಉಡುಪಿ, ಮಂಗಳೂರು ನೋಡಿಕೊಂಡು, ವಾಪಸು ಬರಲು ಹೆದ್ದಾರಿ 75 ಹಿಡಿದರೆ ಶಿರಾಡಿ ಘಾಟ್, ಸಕಲೇಶಪುರ, ಹಾಸನದ ಮೇಲೆ ನೇರ ಕುಣಿಗಲ್.

ಕಡಲನ್ನೇ ಕಾಣದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಅವರನ್ನೂ ಕರೆದುಕೊಂಡು ಹೋಗಿ, ಕಿಟಕಿ ಪಕ್ಕದ ಸೀಟನ್ನು ಅವರಿಗೇ ಬಿಟ್ಟುಕೊಡಿ.