ನೋವಿಲ್ಲದ ಊರು ಯಾರಿಗೆ ಬೇಡ?

(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣ)



ನೋವೇ ಇಲ್ಲದ ಸಮಾಜ ಬಂದರೆ ಬದುಕು ಸಪ್ಪೆಯಾಗೋದಿಲ್ವೆ ಅಂತ ಕೆಲವರು ಕೇಳ್ತಾರೆ. ನೋವಿಲ್ಲದಿದ್ದರೆ ಕಾವ್ಯ ಎಲ್ಲಿಂದ ಹುಟ್ಟುತ್ತೆ ಅಂತಲೂ ಕೇಳ್ತಾರೆ. ನಾನೂ ಪದ್ಯ ಬರೆಯುವವನು. ಉತ್ತರ ಕೊಡಲೇಬೇಕು.

ಮೊದಲು, ಯಾವ ನೋವು ಅಂತ ಕೇಳೋಣ. ಹೆತ್ತವ್ವ ಸತ್ತರೆ ಆಗುವ ನೋವು ಒಂದು. ಪ್ರೀತಿಸಿದವಳು ಒಲ್ಲೆ ಅಂದರೆ ಆಗುವ ನೋವು ಒಂದು. ಇವು ಮನುಷ್ಯರಾಗಿ ಹುಟ್ಟಿದವರಿಗೆಲ್ಲ ಇದ್ದದ್ದೇ. ಆದರೆ ಬಾವಿಗೆ ಬಿಂದಿಗೆ ಇಳಿಸಿದ್ದಕ್ಕೆ ಬೀಳುವ ಏಟನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಟ್ಟದ್ದು. ಕೊಟ್ಟವನ ಕೈಯನ್ನು ಹಿಡಿದು ನಿಲ್ಲಿಸಬಹುದು.

ಕಾಶಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸಂತ ರವಿದಾಸರು ಸುಮಾರು ಐನೂರು ವರ್ಷಗಳ ಹಿಂದೆಯೇ ನೋವಿಲ್ಲದ ಊರೊಂದನ್ನು ಹಾಡಿದರು. ಬೇಗಂಪುರ ಅಂತ ಅದಕ್ಕೆ ಹೆಸರಿಟ್ಟರು. ‘ಗಮ್’ ಅಂದರೆ ದುಃಖ. ಬೇಗಂಪುರ ಅಂದರೆ ದುಃಖವಿಲ್ಲದ ಊರು. ಆ ಹಾಡು ಇವತ್ತೂ ಸಿಖ್ಖರ ಗುರುಗ್ರಂಥದಲ್ಲಿದೆ. ರವಿದಾಸರು ದುಃಖವಿಲ್ಲ ಅಂದು ಸುಮ್ಮನಾಗಲಿಲ್ಲ, ಲೆಕ್ಕ ಕೊಟ್ಟರು: ಕಂದಾಯದ ಕಾಟವಿಲ್ಲ, ಅಂಜಿಕೆಯಿಲ್ಲ, ಎರಡನೇ ಮೂರನೇ ದರ್ಜೆಯ ಮನುಷ್ಯರಿಲ್ಲ, ಓಡಾಡುವವರನ್ನು ತಡೆಯುವವರಿಲ್ಲ. ಅರಮನೆಯವನು ಕನಸು ಕಂಡರೆ ಅಮೃತ ಕೇಳ್ತಾನೆ, ಅಪ್ಸರೆ ಕೇಳ್ತಾನೆ. ಚಪ್ಪಲಿ ಹೊಲಿಯುವವನು ಬೀದಿಯಲ್ಲಿ ನಡೆಯುವ ಹಕ್ಕು ಕೇಳ್ತಾನೆ.

ಇಂಥ ಊರು ಕಟ್ಟುವಾಗ ಯಾರಿಗೂ ನೋವಾಗಲ್ಲ ಅಂತ ನಾನು ಹೇಳೋದಿಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನಲ್ಲಿ ಬಾಬಾಸಾಹೇಬರೂ ಅವರ ಹಿಂದೆ ಸಾವಿರಾರು ಜನರೂ ಚೌದಾರ್ ಕೆರೆಯ ನೀರು ಕುಡಿದರು. ಮೇಲ್ಜಾತಿಯವರಿಗೆ ನೋವಾಯಿತು. ನಮ್ಮವರನ್ನು ಹೊಡೆದರು. ಆಮೇಲೆ ಸಗಣಿ, ಗಂಜಳ, ಹಾಲು, ಮೊಸರಿನ 108 ಕೊಡ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ದನ ಕುಡಿದರೆ ಆಗದ ನೋವು ಮನುಷ್ಯ ಕುಡಿದರೆ ಆಯಿತು! ಬಾಯಾರಿದವನ ಸಂಕಟವನ್ನೂ ದೊಡ್ಡಸ್ತಿಕೆ ಮುರಿದವನ ಸಂಕಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇವತ್ತು ನಗರದ ಕೆಲವರಿಗೆ ನಾತವಿಲ್ಲದ ಊರು ಆಗಲೇ ಸಿಕ್ಕಿಬಿಟ್ಟಿದೆ. ಅವರ ನಾತ ಮ್ಯಾನ್‌ಹೋಲಿಗೆ ಇಳಿದವನ ಮೂಗಿಗೆ. ಮಲ ಬಾಚಿಸುವುದರ ವಿರುದ್ಧ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. ಸಾವು ನಿಲ್ಲಲಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಒಳಚರಂಡಿಯಲ್ಲಿ ಸತ್ತವರ ಮನೆಗೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿ ಅಂತ ಹೇಳಬೇಕಾಯಿತು. ಒಬ್ಬರ ಸುಖ ಇನ್ನೊಬ್ಬರ ಹೆಣದ ಮೇಲೆ ನಿಂತಿದ್ದರೆ ಅದನ್ನು ಪರಿಪೂರ್ಣ ಸಮಾಜ ಅಂತ ಯಾವ ಬಾಯಲ್ಲಿ ಕರೆಯೋದು?

ಇನ್ನು ಕಾವ್ಯದ ಮಾತು. ಅವಮಾನ ಹೋದರೆ ಅವಮಾನದ ಪದ್ಯವೂ ಹೋಗುತ್ತೆ. ಹೋಗಲಿ ಬಿಡಿ. ನನ್ನ ಪದ್ಯಕ್ಕೆ ಗೊಬ್ಬರ ಬೇಕು ಅಂತ ನಮ್ಮ ತಂಗಿ ಇನ್ನೂ ಊರ ಹೊರಗೇ ನಿಲ್ಲಬೇಕೆ? ನಾವು ಕಟ್ಟುವ ಊರಲ್ಲೂ ಸಾವು ಇರುತ್ತೆ, ಅಗಲಿಕೆ ಇರುತ್ತೆ, ಮುಪ್ಪು ಇರುತ್ತೆ. ಅಲ್ಲಿನ ಹುಡುಗ ಹುಡುಗಿಯರು ಅವನ್ನು ಬರೆದುಕೊಳ್ಳಲಿ. ನಮಗೆ ಬರೆಯಲು ಬಿಡುವೇ ಸಿಗದ ಪದ್ಯಗಳು ಅವು.

ಇನ್ನು ಮುಂದೆ ಯಾರಾದರೂ ಈ ಪ್ರಶ್ನೆ ಹಾಕಿದರೆ ತಿರುಗಿ ಕೇಳಿ: ನೀವು ಉಳಿಸಿಕೊಳ್ಳಬೇಕು ಅಂತಿರುವ ನೋವು ಯಾರದು ಸ್ವಾಮಿ? ನಿಮ್ಮದೋ, ನಮ್ಮದೋ?

ಜೈಭೀಮ್.