ವಾರ್ಡಿನಿಂದ ಪ್ರಯೋಗಾಲಯಕ್ಕೆ

ಬೆಂಗಳೂರಿನ ಬೊಮ್ಮನಹಳ್ಳಿಯಿಂದ ಸಿಲ್ಕ್ ಬೋರ್ಡ್ ದಾಟಿ ಮಡಿವಾಳದ ಕಡೆ ಬಂದರೆ ಸೇಂಟ್ ಜಾನ್ಸ್ ಆಸ್ಪತ್ರೆ. 1963ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಜೊತೆಗೇ ಅಲ್ಲಿ ಸಂಶೋಧನಾ ಸಂಸ್ಥೆಯೂ ಇದೆ.

ಇಲ್ಲಿನ ವೈದ್ಯವಿಜ್ಞಾನಿ ಡಾ. ಅನುರಾ ಕುರ್ಪಾಡ್ ಹಿಡಿದ ಪ್ರಶ್ನೆ ನಮ್ಮ ಊಟದ ತಟ್ಟೆಯದೇ. ಭಾರತೀಯರ ದೇಹಕ್ಕೆ ಲೈಸಿನ್ ಎಂಬ ಅಮೈನೋ ಆಮ್ಲ ದಿನಕ್ಕೆಷ್ಟು ಬೇಕು? ಅಕ್ಕಿ, ಗೋಧಿಯಲ್ಲಿ ಅದು ಕಡಿಮೆ, ಬೇಳೆಯಲ್ಲಿ ಧಾರಾಳ. ಅಮೆರಿಕದ ಎಂಐಟಿಯ ಹಿರಿಯ ವಿಜ್ಞಾನಿ ವರ್ನನ್ ಯಂಗ್ ಜೊತೆ ಸೇರಿ ಅವರ ತಂಡ ಸ್ವಯಂಸೇವಕರಿಗೆ ವಿಶೇಷ ಇಂಗಾಲದಿಂದ ಗುರುತಿಟ್ಟ ಅಮೈನೋ ಆಮ್ಲ ಕೊಟ್ಟಿತು. ಹಗಲೂ ರಾತ್ರಿ, ಪೂರ್ತಿ 24 ಗಂಟೆ, ಅವರ ಉಸಿರಿನ ಮಾದರಿ ಸಂಗ್ರಹಿಸಿ ಆ ಇಂಗಾಲವನ್ನು ಅಳೆಯಿತು.

ವಿಶ್ವ ಆರೋಗ್ಯ ಸಂಸ್ಥೆಯ 1985ರ ವರದಿಯಲ್ಲಿ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 12 ಮಿಲಿಗ್ರಾಂ ಎಂದಿದ್ದ ಲೈಸಿನ್ ಅಗತ್ಯ, 2007ರ ವರದಿಯಲ್ಲಿ 30ಕ್ಕೆ ಏರಿತು. ಈ ಬದಲಾವಣೆಯ ಹಿಂದೆ ಬೆಂಗಳೂರಿನ ಅಳತೆಗಳೂ ಇದ್ದವು.

ಇಂಥ ಕೆಲಸ ಒಬ್ಬಂಟಿಯಾಗಿ ಆಗುವುದಲ್ಲ. ರಾತ್ರಿ ಪಾಳಿ ಮುಗಿಸಿದ ಕಿರಿಯ ವೈದ್ಯೆಗೆ ರೋಗಿ ನೋಡುವುದನ್ನು ಕಲಿಸುವವರು ಹಲವರಿದ್ದಾರೆ. ಪ್ರಶ್ನೆ ಹೆಣೆಯುವುದನ್ನು, ಅನುದಾನದ ಅರ್ಜಿ ಬರೆಯುವುದನ್ನು ಹೇಳಿಕೊಡುವವರು ವಿರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ನಡೆಸಿಕೊಂಡು ಬಂದಿರುವ ಅಲ್ಪಾವಧಿ ವಿದ್ಯಾರ್ಥಿವೇತನದ ಗಟ್ಟಿ ಅಂಶವೂ ಅದೇ: ಎಂಬಿಬಿಎಸ್ ವಿದ್ಯಾರ್ಥಿ ಒಬ್ಬ ಮಾರ್ಗದರ್ಶಕರ ಕೈಕೆಳಗೆ ಎರಡು ತಿಂಗಳು ಸಂಶೋಧನೆ ಮಾಡಬೇಕು.

ಆ ಎರಡು ತಿಂಗಳ ನಂಟು ಮುಂದುವರಿಯಬೇಕಾದರೆ ಸೇಂಟ್ ಜಾನ್ಸ್, ನಿಮ್ಹಾನ್ಸ್, ಐಐಎಸ್‌ಸಿಗಳ ಹಿರಿಯರು ಈ ಹುಡುಗ ಹುಡುಗಿಯರ ಜೊತೆ ವರ್ಷಕ್ಕೊಮ್ಮೆಯಾದರೂ ಒಂದೇ ಸೂರಿನಡಿ ಕೂರಬೇಕು. ವೇದಿಕೆಯ ಭಾಷಣ ಕಡಿಮೆಯಿರಲಿ, ಕಾಫಿ ವಿರಾಮ ಉದ್ದವಿರಲಿ.