ಕಿವಿಗೆ ಬೀಳುವ ಹೊತ್ತಿನ ಗೌರವ: ಲೂ ಗೆರಿಗ್ ಮತ್ತು ಅಂಶುಮಾನ್ ಗಾಯಕ್ವಾಡ್

ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸೀಮೆಯ ಊರುಗಳಲ್ಲಿ ಗುಡಿಯ ಮಗ್ಗುಲಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ವೀರಗಲ್ಲುಗಳು, ಇಲ್ಲಿಯ ಜನಸಮುದಾಯವು ತನ್ನವರ ಸಾಹಸಕ್ಕೆ ಗೌರವ ಸಲ್ಲಿಸುತ್ತ ಬಂದ ಬಹಳ ಹಳೆಯ ಕ್ರಮವೊಂದಕ್ಕೆ ಸಾಕ್ಷಿಯಾಗಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲಿನದರಲ್ಲಿ ಶಿವಸಾನ್ನಿಧ್ಯ ಎಂಬ ಕ್ರಮದಲ್ಲಿ ಕಡೆಯಲಾದ ಈ ಕಲ್ಲುಗಳನ್ನು ನಿಲ್ಲಿಸುವ ಹೊತ್ತಿಗೆ ವೀರನು ಮಡಿದಿರುತ್ತಾನೆ. ತನ್ನ ಹೆಸರಿನಲ್ಲಿ ಊರು ಏನು ಮಾಡಿತೆಂಬುದು ಅವನಿಗೆ ತಿಳಿಯುವುದಿಲ್ಲ. ಗಾಂಧೀಜಿಯವರ ಚಿತಾಭಸ್ಮವನ್ನು ಇರಿಸಿರುವ ಕೂಡ್ಲಿಗಿಯ ಸ್ಮಾರಕವೂ ಇದೇ ಪರಂಪರೆಗೆ ಸೇರುತ್ತದೆ. ಪ್ರಸ್ತುತ ಉಪನ್ಯಾಸದ ವಿಷಯ ಇದಕ್ಕಿಂತ ಭಿನ್ನವಾದುದು. ಕಾಯಿಲೆ ವಾಸಿಯಾಗುವಂಥದಲ್ಲವೆಂದು ವೈದ್ಯರು ಹೇಳಿದ ದಿನಕ್ಕೂ ಕೊನೆಯುಸಿರಿಗೂ ನಡುವೆ ಉಳಿಯುವ ಅವಧಿಯಲ್ಲಿ, ಆಟ ಬಿಟ್ಟ ಆಟಗಾರನಿಗೆ ಅವನನ್ನು ಮೆಚ್ಚಿಕೊಂಡಿದ್ದ ಜನ ಸಲ್ಲಿಸುವ ಗೌರವವನ್ನು ದಾನವೆಂದು ತಿಳಿಯದೆ ಋಣಸಂದಾಯವೆಂದು ತಿಳಿಯಬೇಕು, ಮತ್ತು ಆ ಸಂದಾಯದ ಕ್ರಮವು ಅವನ ಮಾತಿಗೆ ಎಡೆ ಕೊಡುವಂತಿರಬೇಕು ಎಂಬುದು ಇಲ್ಲಿಯ ಪ್ರತಿಪಾದನೆ.

ಈ ಬಗೆಯ ಗೌರವಕ್ಕೆ ಜಗತ್ತಿನಲ್ಲಿ ಅತ್ಯಂತ ಪ್ರಸಿದ್ಧವಾದ ನಿದರ್ಶನ ಅಮೆರಿಕದ ಬೇಸ್‌ಬಾಲ್ ಆಟಕ್ಕೆ ಸೇರಿದುದು. ಬೇಸ್‌ಬಾಲ್ ಎಂಬುದು ಒಂಬತ್ತು ಜನರ ಎರಡು ತಂಡಗಳು ಆಡುವ ಚೆಂಡು-ದಾಂಡಿನ ಆಟ. ಅಂಗಳದ ನಾಲ್ಕು ಮೂಲೆಗಳಲ್ಲಿ ಬೇಸ್ ಎಂದು ಕರೆಯುವ ನೆಲೆಗಳಿರುತ್ತವೆ, ಚೆಂಡು ಹೊಡೆದವನು ಅವುಗಳನ್ನು ಒಂದೊಂದಾಗಿ ದಾಟಿ ಹೊರಟಲ್ಲಿಗೇ ಮರಳಿದರೆ ಒಂದು ಓಟ ದಕ್ಕುತ್ತದೆ. ಮೊದಲ ನೆಲೆಯನ್ನು ಕಾಯುವ ಆಟಗಾರನು, ಅಂಗಳದ ನಾನಾ ದಿಕ್ಕುಗಳಿಂದ ಜೊತೆಗಾರರು ಎಸೆಯುವ ಚೆಂಡನ್ನು, ಓಡಿಬರುವ ಎದುರಾಳಿ ಅಲ್ಲಿಗೆ ಮುಟ್ಟುವ ಮೊದಲೇ, ಕಾಲನ್ನು ನೆಲೆಗೆ ತಾಗಿಸಿಕೊಂಡು ಹಿಡಿಯಬೇಕಾಗುತ್ತದೆ. ನ್ಯೂಯಾರ್ಕ್ ಯಾಂಕೀಸ್ ತಂಡಕ್ಕಾಗಿ ಈ ಕೆಲಸವನ್ನು ಮಾಡುತ್ತಿದ್ದವನು ಲೂ ಗೆರಿಗ್. ಜರ್ಮನಿಯಿಂದ ವಲಸೆ ಬಂದ ಬಡ ದಂಪತಿಗಳ ಮಗನಾಗಿ 1903ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದ ಈತನು 1925ರ ಜೂನ್ 1ರಿಂದ 1939ರ ಏಪ್ರಿಲ್ 30ರವರೆಗೆ ಒಂದನ್ನೂ ತಪ್ಪಿಸದೆ 2,130 ಪಂದ್ಯಗಳನ್ನು ಆಡಿದನು. ಒಂದು ಋತುವಿಗೆ 154 ಪಂದ್ಯಗಳಿದ್ದ ಕಾಲದಲ್ಲಿ, ಜ್ವರ, ಬೆನ್ನುನೋವು, ಮುರಿದ ಬೆರಳು ಯಾವುದನ್ನೂ ಲೆಕ್ಕಿಸದೆ ನಡೆದ ಈ ಸಾಧನೆಯ ಕಾರಣಕ್ಕೆ ಜನ ಅವನನ್ನು ಉಕ್ಕಿನ ಕುದುರೆಯೆಂದು ಕರೆದರು.

ಅವನ ಆಟ ಕುಂದಿದ್ದು 1938ರಲ್ಲಿ. ಮರುವರ್ಷದ ವಸಂತದ ಹೊತ್ತಿಗೆ ಕುಂದು ಎಲ್ಲರ ಕಣ್ಣಿಗೂ ಬೀಳುವಂತಾಗಿತ್ತು. ಏಪ್ರಿಲ್ ಕೊನೆಯ ಪಂದ್ಯದಲ್ಲಿ ಅವನು ತೀರ ಸಾಮಾನ್ಯವಾದ ಚೆಂಡೊಂದನ್ನು ನಿಭಾಯಿಸಿದಾಗ ಜೊತೆಗಾರರು ದೊಡ್ಡದೇನೋ ಮಾಡಿದವನಂತೆ ಅವನನ್ನು ಹೊಗಳಿದರು. ಎಳೆಯ ಆಟಗಾರನೂ ಮಾಡಬಲ್ಲ ಕೆಲಸಕ್ಕೆ ಭೇಷ್ ಎನಿಸಿಕೊಳ್ಳಬೇಕಾದ ಸ್ಥಿತಿಗೆ ತಾನು ಇಳಿದಿರುವುದು ಆ ಹೊಗಳಿಕೆಯಿಂದಲೇ ಅವನಿಗೆ ಮನವರಿಕೆಯಾಯಿತು. ಮೇ 2ರಂದು ಡೆಟ್ರಾಯಿಟ್ ನಗರದಲ್ಲಿ ಪಂದ್ಯಕ್ಕೆ ಮುನ್ನ ತಂಡದ ವ್ಯವಸ್ಥಾಪಕ ಜೋ ಮೆಕಾರ್ಥಿಯ ಬಳಿಗೆ ಹೋಗಿ, ತಂಡದ ಹಿತಕ್ಕಾಗಿ ತನ್ನನ್ನು ಹೊರಗಿಡಬೇಕೆಂದು ತಾನಾಗಿಯೇ ಕೇಳಿಕೊಂಡನು. ಅನುಕಂಪದ ಹೊಗಳಿಕೆಯನ್ನು ಅಭಿಮಾನಿಗಳು ಗೌರವವೆಂದು ಭಾವಿಸುವುದುಂಟು. ಆದರೆ ಸ್ವಾಭಿಮಾನಿಯಾದ ಆಟಗಾರನಿಗೆ ಅದು ಎಷ್ಟು ಆಳವಾಗಿ ನಾಟುತ್ತದೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಮಿನೆಸೋಟ ರಾಜ್ಯದ ಮೇಯೋ ಕ್ಲಿನಿಕ್ಕಿನಲ್ಲಿ ಅವನ ಕಾಯಿಲೆ ನಿಶ್ಚಿತವಾದುದು 1939ರ ಜೂನ್ 19ರಂದು, ಅವನಿಗೆ 36 ವರ್ಷ ತುಂಬಿದ ದಿನವೇ. ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್, ಸಂಕ್ಷೇಪವಾಗಿ ಎ.ಎಲ್.ಎಸ್., ಎಂಬ ಈ ಕಾಯಿಲೆಯಲ್ಲಿ ಮಿದುಳು ಮತ್ತು ಬೆನ್ನುಹುರಿಯೊಳಗಿದ್ದು ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅಪ್ಪಣೆ ನಿಂತ ಸ್ನಾಯುಗಳು ಸೊರಗಿ, ಕೈಕಾಲು, ನಾಲಗೆ, ಗಂಟಲು, ಕೊನೆಗೆ ಉಸಿರಾಟವೂ ಸೋಲುತ್ತದೆ. ಬಹುಮಟ್ಟಿಗೆ ಬುದ್ಧಿಯೂ ಇಂದ್ರಿಯಗಳೂ ಎಚ್ಚರವಾಗಿಯೇ ಇರುವುದರಿಂದ ರೋಗಿಯು ತನ್ನ ದೇಹದ ಸೋಲನ್ನು ತಾನೇ ನೋಡುತ್ತಿರಬೇಕಾಗುತ್ತದೆ. ಇಂದಿಗೂ ಇದನ್ನು ಪೂರ್ತಿ ವಾಸಿಮಾಡುವ ಔಷಧವಿಲ್ಲ.

ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. ಅಂದು ಯಾಂಕೀ ಕ್ರೀಡಾಂಗಣದಲ್ಲಿ ವಾಷಿಂಗ್ಟನ್ ಸೆನೆಟರ್ಸ್ ತಂಡದೊಂದಿಗೆ ನಡೆದ ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, 61,808 ಜನರ ಎದುರಿಗೆ ಗೆರಿಗ್‌ನಿಗೆ ಸನ್ಮಾನ ನಡೆಯಿತು. 1927ರ ಪ್ರಸಿದ್ಧ ತಂಡದ ಹಳೆಯ ಜೊತೆಗಾರರು, ಬೇಬ್ ರೂತ್ ಸಹಿತವಾಗಿ, ಸಾಲುಗಟ್ಟಿ ನಿಂತಿದ್ದರು. ಜೊತೆಗಾರರಿಂದ ಬೆಳ್ಳಿಯ ಪಾರಿತೋಷಕ ಬಂತು. ಅಂಗಳದ ಹುಲ್ಲು ನೋಡಿಕೊಳ್ಳುವ ಕೆಲಸಗಾರರಿಂದಲೂ, ಅದೇ ನಗರದ ಎದುರಾಳಿ ತಂಡವಾದ ಜೈಂಟ್ಸ್‌ನಿಂದಲೂ ಉಡುಗೊರೆಗಳು ಬಂದವು. ಅವನ್ನು ಎತ್ತಿ ಹಿಡಿದುಕೊಳ್ಳುವಷ್ಟು ಶಕ್ತಿ ಅವನ ಕೈಗಳಲ್ಲಿ ಉಳಿದಿರಲಿಲ್ಲ. ಒಂದೊಂದನ್ನೂ ಪಡೆದು ಪಡೆದು ನೆಲದ ಮೇಲೆ ಇಡುತ್ತಿದ್ದನು. ಅವನು ಧರಿಸುತ್ತಿದ್ದ 4ನೆಯ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ತಂಡ ಸಾರಿತು. ಬೇಸ್‌ಬಾಲಿನ ಅತ್ಯುನ್ನತ ಮಟ್ಟದಲ್ಲಿ ಅಂಥ ಗೌರವ ಸಂದದ್ದು ಅದೇ ಮೊದಲು.

ಅವನು ಮಾತನಾಡಲು ಒಲ್ಲೆನೆಂದಿದ್ದನು, ನಿರೂಪಕನು ಹಾಗೆಂದು ಪ್ರಕಟಿಸಿಯೂ ಬಿಟ್ಟಿದ್ದನು. ಜನ ಅವನ ಹೆಸರು ಹಿಡಿದು ಕೂಗಿದರು, ಮೆಕಾರ್ಥಿ ಪಕ್ಕಕ್ಕೆ ಬಂದು ಒತ್ತಾಯಿಸಿದನು, ಆಗ ಧ್ವನಿವರ್ಧಕದ ಮುಂದೆ ನಿಂತನು. ತನಗೆ ಒದಗಿದ ಕೆಟ್ಟಕಾಲದ ಸುದ್ದಿ ಎಲ್ಲರಿಗೂ ತಿಳಿದಿದೆ, ಆದರೂ ತಾನು ಭೂಮಿಯ ಮೇಲಿನ ಅತ್ಯಂತ ಅದೃಷ್ಟವಂತನೆಂದೇ ಭಾವಿಸುತ್ತೇನೆ ಎಂಬುದು ಆ ಮಾತಿನ ತಾತ್ಪರ್ಯ. ಅಭಿಮಾನಿಗಳನ್ನೂ ಜೊತೆಗಾರರನ್ನೂ ನೆನೆದು, ಅಂಗಳದ ಕೆಲಸಗಾರರನ್ನೂ ಬಿಳಿ ಕೋಟು ತೊಟ್ಟು ತಿನಿಸು ಮಾರುವ ಹುಡುಗರನ್ನೂ ಮರೆಯದೆ, ತನ್ನ ಮಗಳೊಂದಿಗಿನ ಜಗಳದಲ್ಲಿ ಅಳಿಯನ ಪರ ವಹಿಸುವ ಅತ್ತೆಯವರೆಗೂ ಅವನು ಕೃತಜ್ಞತೆಯನ್ನು ವಿಸ್ತರಿಸಿದನು. ಈ ಸಮಾರಂಭದ ಹಿರಿಮೆಯನ್ನು ಜನಸಂಖ್ಯೆಯಲ್ಲೋ ಬೆಳ್ಳಿಯಲ್ಲೋ ಹುಡುಕಬೇಕಾಗಿಲ್ಲ. ಗೌರವ ಪಡೆದವನು ಅದನ್ನು ಕೇಳಿಸಿಕೊಂಡು, ತನ್ನದೇ ಮಾತಿನಲ್ಲಿ ಮರಳಿ ಕೊಡಲು ಸಾಧ್ಯವಾಯಿತು. ಆ ಕೊಡುಕೊಳ್ಳುವಿಕೆಯಲ್ಲಿಯೇ ಅದರ ಹಿರಿಮೆಯಿದೆ.

ಕೊಟ್ಟೂರು, ಹಡಗಲಿ ಕಡೆಯ ದೊಡ್ಡಾಟಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಪಾತ್ರಧಾರಿಯೊಬ್ಬನ ಪದ, ಕುಣಿತ ಮನಸ್ಸಿಗೆ ಹಿಡಿದಾಗ ನೋಡುಗನೊಬ್ಬ ಅಟ್ಟ ಹತ್ತಿ, ನೋಟನ್ನು ವೇಷದ ಎದೆಗೆ ಪಿನ್ನಿನಿಂದ ಸಿಕ್ಕಿಸುತ್ತಾನೆ. ಹಾರ್ಮೋನಿಯಂ ಒಂದು ಕ್ಷಣ ನಿಲ್ಲುತ್ತದೆ. ಕೊಟ್ಟವನ ಹೆಸರು, ಊರು, ಮೊತ್ತ ಮೈಕಿನಲ್ಲಿ ಕೇಳಿಬರುತ್ತವೆ. ಪಾತ್ರಧಾರಿ ಕೈಮುಗಿದು ಆಟ ಮುಂದುವರಿಸುತ್ತಾನೆ. ಇಲ್ಲಿ ಕೊಟ್ಟವನಿಗೂ ಹೆಮ್ಮೆ, ಪಡೆದವನಿಗೂ ಹೆಮ್ಮೆ, ಏಕೆಂದರೆ ಕಣ್ಣೆದುರಿನ ಕೆಲಸಕ್ಕೆ ಕೊಟ್ಟ ಹಣವದು. ಆದರೆ ಪಾತ್ರಧಾರಿ ಹಾಸಿಗೆ ಹಿಡಿದ ಮೇಲೆ ಅದೇ ನೋಟಿಗೆ ದಾನದ ಬಣ್ಣ ಬರುತ್ತದೆ. ಆ ಬಣ್ಣವನ್ನು ತಪ್ಪಿಸಲೆಂದೇ ವೃತ್ತಿನಾಟಕ ಕಂಪನಿಗಳು ಬೆನಿಫಿಟ್ ಷೋ ಎಂಬ ಕ್ರಮವನ್ನು ಇಟ್ಟುಕೊಂಡಿದ್ದವು: ಒಂದು ರಾತ್ರಿಯ ಆಟದ ಗಲ್ಲೆಯನ್ನು ಒಬ್ಬ ನಟನಿಗೋ ಅವನ ಕುಟುಂಬಕ್ಕೋ ಬಿಟ್ಟುಕೊಡುವುದು. ಎಂ.ಪಿ. ಪ್ರಕಾಶ್ ಅವರು ರಂಗಭಾರತಿಯನ್ನು ಕಟ್ಟಿ ಬೆಳೆಸಿದ ಹಡಗಲಿಯಂಥ ನಾಟಕಪ್ರಿಯ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನಿಂದ ಭಾರತದ ಕ್ರಿಕೆಟ್ಟಿಗೆ ಬಂದ ಬೆನಿಫಿಟ್ ಪಂದ್ಯದ ತತ್ತ್ವವೂ ಇದೇ. ಜನ ಟಿಕೆಟ್ ಕೊಂಡು ಆಟ ನೋಡುತ್ತಾರೆ, ಹಣ ಹಳೆಯ ಆಟಗಾರನಿಗೆ ಸೇರುತ್ತದೆ.

ಭಾರತದಲ್ಲಿ ಇತ್ತೀಚೆಗೆ ಈ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟದ್ದು ಬರೋಡದ ಅಂಶುಮಾನ್ ಗಾಯಕ್ವಾಡ್ ಅವರ ಕಾಯಿಲೆ. 40 ಟೆಸ್ಟ್ ಪಂದ್ಯಗಳಲ್ಲಿ 1,985 ಓಟ ಗಳಿಸಿದ ಈ ಆರಂಭಿಕ ದಾಂಡಿಗರ ಹೆಸರು ಕನ್ನಡಿಗರ ಕ್ರಿಕೆಟ್ ನೆನಪಿನೊಂದಿಗೆ ಎರಡು ಕಡೆ ಹೆಣೆದುಕೊಂಡಿದೆ. 1976ರ ಏಪ್ರಿಲ್‌ನಲ್ಲಿ ಜಮೈಕಾದ ಸಬೀನಾ ಪಾರ್ಕ್ ಅಂಗಳದಲ್ಲಿ ವೆಸ್ಟ್ ಇಂಡೀಸ್ ತಂಡದ ಮೈಕೆಲ್ ಹೋಲ್ಡಿಂಗ್ ಮೊದಲಾದವರು ಪುಟಿಸಿದ ಚೆಂಡುಗಳಿಗೆ, ಹೆಲ್ಮೆಟ್ ಇಲ್ಲದ ಕಾಲದಲ್ಲಿ, ಗಾಯಕ್ವಾಡ್ ಎದೆಯೊಡ್ಡಿ ನಿಂತು 81 ಓಟ ಗಳಿಸಿದ್ದಾಗ ಚೆಂಡು ಕಿವಿಗೆ ಬಡಿದು ಆಸ್ಪತ್ರೆ ಸೇರಬೇಕಾಯಿತು. ಅದೇ ಇನಿಂಗ್ಸಿನಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಅವರ ಬೆರಳು ಮುರಿಯಿತು, ಬ್ರಿಜೇಶ್ ಪಟೇಲ್ ಅವರ ಬಾಯಿಗೆ ಹೊಲಿಗೆ ಬಿತ್ತು. ಚಂದ್ರಶೇಖರ್ ಅವರ ಕೈಗೂ ಪೆಟ್ಟಾಗಿ, ಎರಡನೆಯ ಸರದಿಯಲ್ಲಿ ಭಾರತದ ಐವರು ದಾಂಡು ಹಿಡಿಯಲಾಗದೆ ತಂಡ 97ಕ್ಕೆ ಮುಗಿಯಿತು. ಇನ್ನೊಂದು ಕೊಂಡಿ ಸಂತೋಷದ್ದು: 1999ರ ಫೆಬ್ರುವರಿ 7ರಂದು ದಿಲ್ಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ಓಟಗಳಿಗೆ ಕಿತ್ತಾಗ ತಂಡದ ತರಬೇತುದಾರರಾಗಿದ್ದವರು ಗಾಯಕ್ವಾಡ್ ಅವರೇ.

ರಕ್ತದ ಕ್ಯಾನ್ಸರಿಗೆ ಅವರು ಲಂಡನ್ನಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದುದನ್ನೂ ಹಣದ ಅಗತ್ಯವನ್ನೂ ಹಳೆಯ ಜೊತೆಗಾರ ಸಂದೀಪ್ ಪಾಟೀಲ್ 2024ರಲ್ಲಿ ಬರೆದು ತಿಳಿಸಿದರು; ಕಪಿಲ್ ದೇವ್ ತಮ್ಮ ಪಿಂಚಣಿಯನ್ನೇ ಕೊಡಲು ಸಿದ್ಧರೆಂದರು; ಬೆಂಗಳೂರಿನ ರೋಜರ್ ಬಿನ್ನಿ ಅಧ್ಯಕ್ಷರಾಗಿದ್ದ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ ಜುಲೈ ಮಧ್ಯದಲ್ಲಿ 1 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಜುಲೈ 31ರಂದು, 71ನೆಯ ವಯಸ್ಸಿನಲ್ಲಿ, ಅವರು ಬರೋಡದಲ್ಲಿ ತೀರಿಕೊಂಡರು. ಜೊತೆಗಾರರ ಪ್ರೀತಿ ನಿಸ್ಸಂಶಯವಾಗಿ ದೊಡ್ಡದು. ಆದರೂ ದೇಶಕ್ಕಾಗಿ ಕಿವಿಗೆ ಪೆಟ್ಟು ತಿಂದ ಆಟಗಾರರೊಬ್ಬರ ವಿಷಯದಲ್ಲಿ ಸಾರ್ವಜನಿಕ ಮನವಿಯ ನಂತರ ಹಣ ಬರುವಂತಾದುದು ನೋವಿನ ಸಂಗತಿಯೇ, ಮತ್ತು ಹಣಕ್ಕೂ ಮರಣಕ್ಕೂ ನಡುವೆ ಉಳಿದ ದಿನಗಳು ಅಭಿಮಾನಿಗಳ ಕೃತಜ್ಞತೆಗೆ ಸಾಲುವಷ್ಟಿರಲಿಲ್ಲ.

ಗೆರಿಗ್‌ನ ಪ್ರಸಂಗದಲ್ಲಿ ಕಾಲವನ್ನು ಜನ ಬೇರೆ ರೀತಿಯಲ್ಲಿ ಬಳಸಿದರು. ನಿವೃತ್ತಿಯ ನಂತರ ಕಾಯಬೇಕಾದ ಅವಧಿಯ ನಿಯಮವನ್ನು ಬದಿಗಿಟ್ಟು 1939ರ ಡಿಸೆಂಬರಿನಲ್ಲೇ ಅವನನ್ನು ಬೇಸ್‌ಬಾಲ್ ಮಹನೀಯರ ಸಾಲಿಗೆ ಆರಿಸಿದರು. ನ್ಯೂಯಾರ್ಕ್ ನಗರದ ಮೇಯರ್ ಲಾ ಗಾರ್ಡಿಯ ಅವನಿಗೆ ಪೆರೋಲ್ ಆಯೋಗದಲ್ಲಿ, ಎಂದರೆ ಕೈದಿಗಳ ಷರತ್ತುಬದ್ಧ ಬಿಡುಗಡೆಯನ್ನು ನಿರ್ಧರಿಸುವ ಸಂಸ್ಥೆಯಲ್ಲಿ, ಹುದ್ದೆ ಕೊಟ್ಟನು. 1941ರ ಜೂನ್ 2ರಂದು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚಿನವರೆಗೂ ಅವನು ಆ ಕೆಲಸವನ್ನು ಮಾಡಿದನು. ರೋಗಿಯೆಂದು ಮೂಲೆಗೆ ಕೂರಿಸದೆ ಕೆಲಸ ಒಪ್ಪಿಸಿದ ಈ ನಡೆ ಬೆಳ್ಳಿಯ ಪಾರಿತೋಷಕಕ್ಕಿಂತ ಮೇಲಿನದು.

ಈ ಐದು ತಾಲ್ಲೂಕುಗಳ ಜಾತ್ರೆಗಳಲ್ಲಿ ಬೆಳ್ಳಿ ಕಡಗದ ಕುಸ್ತಿ ಹಿಡಿದು ಈಗ ಮುಪ್ಪಿನಲ್ಲಿ ಹಾಸಿಗೆ ಹಿಡಿದಿರುವ ಪೈಲ್ವಾನರಿಗೂ ದೊಡ್ಡಾಟದ ಹಿರಿಯ ಪಾತ್ರಧಾರಿಗಳಿಗೂ ಸರ್ಕಾರದ ಮಾಸಾಶನದ ವ್ಯವಸ್ಥೆಯಿದೆ. ಅರ್ಜಿ, ದಾಖಲೆ, ಓಡಾಟ ಅವರ ಕೈಲಾಗದ ಮಾತಾದುದರಿಂದ ಗರಡಿಮನೆಯ ಹುಡುಗರೇ ಆ ಕೆಲಸ ವಹಿಸಿಕೊಳ್ಳುವುದು ಮೊದಲ ಗೌರವ. ಜಾತ್ರಾ ಸಮಿತಿಗಳು ಕೊನೆಯ ಜೋಡಿಯ ಕುಸ್ತಿಗೆ ಮುನ್ನ ಅಂಥವರನ್ನು ಅಖಾಡದ ಬಳಿಗೆ ಕರೆತಂದು, ಅವರು ಗೆದ್ದ ಕುಸ್ತಿಗಳನ್ನು ಹೆಸರಿಸಿ ಹೇಳಿ, ಮಾತನಾಡುವ ಮನಸ್ಸಿದ್ದರೆ ಮೈಕನ್ನು ಅವರ ಕೈಗೆ ಕೊಡಬಹುದು. ಚಿಕಿತ್ಸೆಯ ಹಣವನ್ನು ಮಾತ್ರ ಮೈಕಿನಲ್ಲಿ ಕೂಗದೆ ನೇರವಾಗಿ ಮನೆಗೆ ಮುಟ್ಟಿಸುವುದು ಲೇಸು. ದಿನವನ್ನು ಗೊತ್ತುಮಾಡುವ ಮುನ್ನ ಮನೆಯವರನ್ನೂ ವೈದ್ಯರನ್ನೂ ಕೇಳಬೇಕು. ನಾಲಗೆಗೆ ಬರುವ ಕಾಯಿಲೆಯಾದರೆ ಮುಂದಿನ ಜಾತ್ರೆಯವರೆಗೆ ಕಾಯುವಂತಿಲ್ಲ. ಬೇಡವೆಂದು ಅವರೇ ಹೇಳಿದರೆ ಒತ್ತಾಯಿಸದೆ, ಮನೆಗೇ ಹೋಗಿ ಹಾಸಿಗೆಯ ಪಕ್ಕ ಕುಳಿತು ಅವರ ಹಳೆಯ ಕುಸ್ತಿಗಳ ಮಾತನ್ನು ಎತ್ತಬೇಕು.